ಜಲಂಧರದಿಂದ ಕುಂದಗೋಳಕ್ಕೆ

ಪಂಜಾಬಿನ ಜಲಂಧರದಲ್ಲಿ ಹರಿವಲ್ಲಭ ಸಂಗೀತ ಸಮ್ಮೇಳನ. ಹಾಡಲು ಬಂದಿದ್ದ ವಿನಾಯಕರಾವ್ ಪಟವರ್ಧನರಿಗೆ ಅಲ್ಲೊಬ್ಬ ಕನ್ನಡದ ಹುಡುಗ ಸಿಕ್ಕ. ಗುರುವನ್ನು ಹುಡುಕುತ್ತ ಗ್ವಾಲಿಯರ್, ದಿಲ್ಲಿ, ಕಲ್ಕತ್ತ ಎಂದೆಲ್ಲ ಅಲೆದು ಅಲ್ಲಿಗೆ ಮುಟ್ಟಿದ್ದವನು. ಊರಿಗೆ ಮರಳಿ ಸವಾಯಿ ಗಂಧರ್ವರ ಬಳಿ ಕಲಿ ಎಂದು ಅವರು ಹೇಳಿ ಕಳಿಸಿದರು.

ಹುಡುಗನ ಹೆಸರು ಭೀಮಸೇನ. 1922ರ ಫೆಬ್ರುವರಿ 4ರಂದು ರೋಣದಲ್ಲಿ ಹುಟ್ಟಿದವನು. ರೋಣ, ನರಗುಂದ, ಗಜೇಂದ್ರಗಡದ ಆ ಎರೆಸೀಮೆಯಲ್ಲಿ ಭಜನೆ, ಲಾವಣಿ, ಮೊಹರಮ್ಮಿನ ರಿವಾಯತ್ ಪದಗಳಿಗೆ ಕೊರತೆಯಿಲ್ಲ; ಗಂಟಲೊಂದು, ತಾಳವೊಂದು ಇದ್ದರೆ ಹಾಡು ನಡೆಯುತ್ತದೆ. ಮೆರವಣಿಗೆಯ ಹಿಂದೆ ಹೋದ ಮಗ ಎಲ್ಲೋ ಮಲಗಿಬಿಡುತ್ತಿದ್ದ. ಬೇಸತ್ತ ತಂದೆ ಗುರುರಾಜ ಜೋಶಿಯವರು ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದೇ ಬರೆದರಂತೆ.

ಆಮೇಲೆ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ಪ್ಲೇಟು ಕಿವಿಗೆ ಬಿತ್ತು. ಝಿಂಝೋಟಿಯ ಠುಮ್ರಿ, ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು. ಆ ದನಿಯಲ್ಲಿ ಅಬ್ಬರವಿಲ್ಲ. ಒಂದು ಸ್ವರವನ್ನು ಹಿಡಿದು, ಅದು ತುಂಬಿಕೊಳ್ಳುವವರೆಗೂ ಅದರಲ್ಲೇ ನಿಂತು, ಆಮೇಲಷ್ಟೇ ಮುಂದಕ್ಕೆ ಸರಿಯುವ ಕಿರಾಣಾ ಘರಾಣೆಯ ನಡೆ. ಹಾಗೆ ಹಾಡಬೇಕೆಂಬ ಹಂಬಲದಲ್ಲಿ 1933ರಲ್ಲಿ ಹುಡುಗ ಮನೆ ಬಿಟ್ಟ.

ನನಗೆ ಈ ಕತೆಯಲ್ಲಿ ಅಪಾರ ಬೆರಗು ಹುಟ್ಟಿಸುವ ಸಂಗತಿ ಒಂದಿದೆ. ಸವಾಯಿ ಗಂಧರ್ವ, ಅಂದರೆ ಕುಂದಗೋಳದ ರಾಮಭಾವು, ಅದೇ ಕರೀಂ ಖಾನರ ಶಿಷ್ಯ. ಹುಡುಗ ಉತ್ತರಕ್ಕೆಲ್ಲ ಹೋಗಿ ಅರಸಿದ ಸ್ವರ ಧಾರವಾಡ ಸೀಮೆಗೆ ಎಂದೋ ಬಂದು ನೆಲೆಸಿತ್ತು!

1936ರಲ್ಲಿ ಗುರುಗಳು ಒಪ್ಪಿದರು. ನೀರು ಹೊರುವುದು, ಮನೆಗೆಲಸ, ಜತೆಗೆ ಪಾಠ. ಪಾಠವಾದರೂ ಎಷ್ಟು ರಾಗದ್ದು? ಮುಖ್ಯವಾಗಿ ಮೂರರದು: ಬೆಳಗಿನ ತೋಡಿ, ಇಳಿಹೊತ್ತಿನ ಮುಲ್ತಾನಿ, ಸಂಜೆಯ ಪೂರಿಯಾ. ಊರೂರು ಸುತ್ತಿ ಬಗೆಬಗೆಯ ಗಾಯನ ಕೇಳಿ ಬಂದವನಿಗೆ ಇದು ಕಡಿಮೆ ಅನ್ನಿಸಿರಲಿಕ್ಕೂ ಸಾಕು. ಆದರೆ ತಂಬೂರಿಯ ಮುಂದೆ ಕೂತು ಷಡ್ಜವೊಂದನ್ನೇ ತಿದ್ದಿ ತೀಡುವಾಗ, ಬೇಡದ್ದೆಲ್ಲ ತಾನಾಗಿ ಕಳಚಿಹೋಗುತ್ತದೆ. ಭೀಮಸೇನರು ಕಂಡುಕೊಂಡದ್ದು ಇದನ್ನೇ ಎಂದು ನಾನು ನಂಬಿದ್ದೇನೆ. ಮುಂದೆ ಅವರ ತಾನಗಳು ಸಿಡಿಲಿನಂತೆ ಎರಗಿದಾಗಲೂ ಬುಡದಲ್ಲಿ ಆ ಷಡ್ಜ ಅಲುಗಲಿಲ್ಲ.

1942ರಲ್ಲಿ ಎಚ್‌ಎಂವಿ ತಂದ ಅವರ ಮೊದಲ ಧ್ವನಿಮುದ್ರಿಕೆಯಲ್ಲಿ ದೊಡ್ಡ ಖಯಾಲುಗಳಿರಲಿಲ್ಲ, ಕನ್ನಡ ಮತ್ತು ಹಿಂದಿಯ ಭಕ್ತಿಗೀತೆಗಳಿದ್ದವು. ಮುಂದೆ ‘ದಾಸವಾಣಿ’ಯಲ್ಲಿ ಪುರಂದರದಾಸರ ಪದಗಳು ಅವರ ಕಂಠದಿಂದ ಮನೆಮನೆಗೆ ಬಂದವು. ಅಲ್ಲಿ ಅವರು ಸ್ವರವನ್ನು ಎಷ್ಟೇ ಬೆಳೆಸಲಿ, ಮಾತು ಮಸುಕಾಗುವುದಿಲ್ಲ. ರಾಗದ ಹೆಸರು ಗೊತ್ತಿಲ್ಲದವರೂ ಜತೆಗೆ ಗುನುಗುತ್ತಾರೆ.