ಎಣಿಕೆಗೆ ಸಿಕ್ಕ ಜನ, ಸಿಗದ ನಗರ

ಮುಂದಿನ ತಲೆಮಾರುಗಳ ಜನಸಂಖ್ಯೆಯನ್ನು ಅಂದಾಜಿಸಲು ಹೊರಟವರಲ್ಲಿ ಹಲವರು ಮೊದಲು ನೆಚ್ಚಿದ್ದು ಒಟ್ಟು ಸಂಖ್ಯೆಯ ಏರುವೇಗವನ್ನು. 1920ರಲ್ಲಿ ಅಮೆರಿಕದ ರೇಮಂಡ್ ಪರ್ಲ್ ಮತ್ತು ಲೋವೆಲ್ ರೀಡ್, ಮೊದಲು ಚುರುಕಾಗಿ ಏರಿ ಬಳಿಕ ಒಂದು ಮಿತಿಯ ಬಳಿ ನಿಲ್ಲುವ ವಕ್ರರೇಖೆಯನ್ನು ತಮ್ಮ ದೇಶದ ಜನಗಣತಿಗಳಿಗೆ ಹೊಂದಿಸಿ, ಆ ಮಿತಿ ಸುಮಾರು 19.7 ಕೋಟಿ ಎಂದು ತೀರ್ಮಾನಿಸಿದರು. ಆದರೆ 1967ರಲ್ಲಿಯೇ ಅಲ್ಲಿನ ಜನಸಂಖ್ಯೆ 20 ಕೋಟಿ ಮುಟ್ಟಿತು.

ಇದಕ್ಕಿಂತ ಭದ್ರವಾದ ದಾರಿಯನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎಡ್ವಿನ್ ಕ್ಯಾನನ್ 1895ರಲ್ಲಿಯೇ ತೋರಿಸಿದ್ದರು. ಜನರನ್ನು ವಯಸ್ಸಿಗನುಗುಣವಾಗಿ ಗುಂಪುಮಾಡಿ, ಪ್ರತಿ ಗುಂಪಿನಲ್ಲಿ ಬದುಕುಳಿಯುವವರು, ಅವರಿಗೆ ಹುಟ್ಟುವ ಮಕ್ಕಳು ಹಾಗೂ ವಲಸೆ ಬರುವ, ಹೋಗುವವರು ಎಷ್ಟೆಂದು ಬೇರೆಬೇರೆಯಾಗಿ ಲೆಕ್ಕಹಾಕುವ, ಆ ದಾರಿಯಲ್ಲಿ ಬೆಳೆದುಬಂದ ವಿಧಾನವೇ ಇಂದಿಗೂ ವಿಶ್ವಸಂಸ್ಥೆಯ ಅಂದಾಜುಗಳ ತಳಹದಿಯಾಗಿದೆ.

ವಿಧಾನ ಸರಿಯಿದ್ದರೂ ಊಹೆ ತಪ್ಪಿದರೆ ಉತ್ತರ ತಪ್ಪುತ್ತದೆ. 1945ರಲ್ಲಿ ಜನಸಂಖ್ಯಾಶಾಸ್ತ್ರಜ್ಞ ಫ್ರಾಂಕ್ ನೋಟ್‌ಸ್ಟೈನ್ 2000ದ ಹೊತ್ತಿಗೆ ಪ್ರಪಂಚದಲ್ಲಿ ಸುಮಾರು 330 ಕೋಟಿ ಜನರಿರಬಹುದೆಂದರು. ಬಡದೇಶಗಳಲ್ಲಿ ಸಾವಿನ ಪ್ರಮಾಣ ಅಷ್ಟು ಬೇಗ ಇಳಿಯುವುದೆಂಬುದು ಆ ಲೆಕ್ಕಕ್ಕೆ ನಿಲುಕಿರಲಿಲ್ಲ. ಇಂಥ ಬದಲಾವಣೆಗಳನ್ನು ಅರಿಯಲು, ಜನನ, ಮರಣಗಳ ನೋಂದಣಿ ಅಪೂರ್ಣವಾಗಿದ್ದ ಕಡೆಗಳಲ್ಲಿ ಮನೆಗಳಿಗೇ ಹೋಗಿ ವಿಚಾರಿಸುವುದು ಅನಿವಾರ್ಯವಾಗಿತ್ತು. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ 1950ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯದ ಆಯ್ದ ಪ್ರದೇಶಗಳಲ್ಲಿ ನಡೆಸಿದ ಜನಸಂಖ್ಯಾ ಅಧ್ಯಯನ ಅಂಥ ಪ್ರಯತ್ನವಾಗಿತ್ತು. 1958ರಲ್ಲಿ ವಿಶ್ವಸಂಸ್ಥೆ 2000ದ ಪ್ರಪಂಚದ ಜನಸಂಖ್ಯೆಗೆ ನೀಡಿದ ಅಂದಾಜು ಸುಮಾರು 628 ಕೋಟಿ. ವಾಸ್ತವ ಸಂಖ್ಯೆ 610 ಕೋಟಿಯ ಆಸುಪಾಸಿನಲ್ಲಿತ್ತು.

ಪ್ರಪಂಚಕ್ಕೆ ಒಲಿದ ಈ ಲೆಕ್ಕ ನಗರಗಳಿಗೆ ಒಲಿಯಲಿಲ್ಲ. 2000ದ ಹೊತ್ತಿಗೆ ಮೆಕ್ಸಿಕೋ ನಗರದಲ್ಲಿ 3 ಕೋಟಿಗೂ ಹೆಚ್ಚು ಜನರಿರುವರೆಂದು 1970ರ ದಶಕದಲ್ಲಿ ಎಣಿಸಲಾಗಿತ್ತು. ಇದ್ದವರು ಸುಮಾರು 1.8 ಕೋಟಿ. ಇಡೀ ಪ್ರಪಂಚಕ್ಕೆ ಹೊರಗಿನಿಂದ ಯಾರೂ ವಲಸೆ ಬರುವುದಿಲ್ಲ, ನಗರದ ಗತಿಯಲ್ಲಿಯಾದರೋ ವಲಸೆಗೆ ದೊಡ್ಡ ಪಾಲಿದೆ. ಮೇಲಾಗಿ ನಗರವೆಂದರೇನು ಎಂಬುದೇ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಭಾರತದ ಜನಗಣತಿ ಕನಿಷ್ಠ 5,000 ಜನಸಂಖ್ಯೆ, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ ಮತ್ತು ದುಡಿಯುವ ಗಂಡಸರಲ್ಲಿ ಶೇ. 75ರಷ್ಟು ಮಂದಿ ಕೃಷಿಯೇತರ ಕೆಲಸದಲ್ಲಿರುವುದನ್ನು ಕೇಳಿದರೆ, ಡೆನ್ಮಾರ್ಕಿಗೆ 200 ಜನರ ನೆಲೆಯೂ ಪಟ್ಟಣವೇ. ಈ ತೊಡಕನ್ನು ನೀಗಲು, ಚದರ ಕಿಲೋಮೀಟರಿಗೆ ಕನಿಷ್ಠ 1,500 ಜನರ ಸಾಂದ್ರತೆಯಲ್ಲಿ ಒತ್ತಾಗಿ ನೆಲೆಸಿದ 50,000 ಜನರ ಪ್ರದೇಶವನ್ನು ನಗರವೆಂದು ಪರಿಗಣಿಸುವ ಸಮಾನ ಅಳತೆಯನ್ನು ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗ 2020ರಲ್ಲಿ ಅನುಮೋದಿಸಿತು.

ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ಪ್ರಪಂಚದ ಜನಸಂಖ್ಯೆ 2080ರ ದಶಕದಲ್ಲಿ ಸುಮಾರು 1,030 ಕೋಟಿ ಮುಟ್ಟಿ ಇಳಿಯತೊಡಗುತ್ತದೆ. ಆಗ ಅರವತ್ತರ ಅಂಚಿನಲ್ಲಿರುವವರು ಈಗಾಗಲೇ ತೊಟ್ಟಿಲಲ್ಲಿದ್ದಾರೆ. ಅವರೆಷ್ಟು ಮಂದಿ ಎಂಬುದನ್ನು ಬಲ್ಲ ಈ ವಿದ್ಯೆಗೆ, ಅವರು ಯಾವ ಊರಿನ ನೀರು ಕುಡಿದು ಬಾಳುವರೆಂಬುದನ್ನು ತಿಳಿಯುವ ಕೆಲಸ ಬಾಕಿಯಿದೆ.