ಆಟದ ಬಯಲಿಗೆ ಹಣ: ಯಾವ ಬಯಲಿಗೆ ಮೊದಲು?



ಸಂಜೆ ಶಾಲೆ ಬಿಟ್ಟ ಮೇಲೆ ನಿಮ್ಮ ಮಕ್ಕಳು ಎಲ್ಲಿ ಆಡುತ್ತಾರೆ? ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ತಂದೆತಾಯಿಯರನ್ನು ನಾನು ಆಗಾಗ ಈ ಪ್ರಶ್ನೆ ಕೇಳುವುದುಂಟು. ರಸ್ತೆಯ ಮೇಲೆ, ಕಣದಲ್ಲಿ, ಗುಡಿಯ ಮುಂದೆ ಎಂಬ ಉತ್ತರಗಳು ಬರುತ್ತವೆ. ಹೆಣ್ಣುಮಗುವಿನ ವಿಷಯ ಕೇಳಿದರೆ ಮಾತ್ರ, "ಅವಳು ಮನೇಲೇ ಇರ್ತಾಳೆ ಡಾಕ್ಟ್ರೇ" ಎಂಬ ಒಂದೇ ಉತ್ತರ.

ಆಟವೆಂಬುದು ಕಾಲಹರಣವೆಂದು ಹಲವರು ತಿಳಿದಿರುತ್ತಾರೆ. ವೈದ್ಯಶಾಸ್ತ್ರವು ಹಾಗೆ ತಿಳಿಯುವುದಿಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಮೈ ಬೆವರುವಂತಹ ಚಟುವಟಿಕೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಮೂಳೆ, ಮಾಂಸಖಂಡ, ಹೃದಯ ಇವೆಲ್ಲವೂ ಅದರಿಂದಲೇ ಬಲಗೊಳ್ಳುತ್ತವೆ. ಆದರೆ ಆಡಲು ಜಾಗ ಬೇಕು, ಜಾಗವನ್ನು ಸರಿಪಡಿಸಲು ಹಣ ಬೇಕು. ಬಯಲುಗಳು ಹತ್ತಿದ್ದು ಹಣವು ಎರಡಕ್ಕೆ ಮಾತ್ರ ಸಾಲುವಂತಿದ್ದರೆ ಯಾವ ಎರಡಕ್ಕೆ ಕೊಡಬೇಕು? ಈ ಪ್ರಶ್ನೆಯನ್ನು ದೊಡ್ಡ ನಗರಗಳು ಬಹುಕಾಲದಿಂದ ಎದುರಿಸುತ್ತ ಬಂದಿವೆ. ಅವುಗಳ ಅನುಭವವು ಹಳ್ಳಿಯಲ್ಲಿ ವಾಸಿಸುವ ನಮಗೂ ಉಪಯುಕ್ತವಾದುದರಿಂದ ಇಲ್ಲಿ ವಿವರಿಸುತ್ತೇನೆ.

ಸಾಮಾನ್ಯವಾಗಿ ನಡೆಯುವ ರೀತಿ ನಿಮಗೆ ತಿಳಿದಿರುವುದೇ ಆಗಿದೆ. ಯಾರು ಹೆಚ್ಚು ಸಲ ಕಚೇರಿಗೆ ಹೋಗಿ ಕೇಳುತ್ತಾರೋ, ಯಾರ ಬೀದಿಯ ಸದಸ್ಯರಿಗೆ ಹೆಚ್ಚು ಮಾತು ನಡೆಯುತ್ತದೆಯೋ ಅವರ ಬೀದಿಗೆ ಮೊದಲು ಕೆಲಸ ಬರುತ್ತದೆ. ಕೂಲಿಗೆ ಹೋದರೆ ಮಾತ್ರ ಒಲೆ ಹತ್ತುವ ಮನೆಯವರು ಸಭೆಗೆ ಬರಲಾರರು, ಬಂದರೂ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಇದರಲ್ಲಿ ಯಾರೋ ಒಬ್ಬರ ದುರುದ್ದೇಶ ಇರಲೇಬೇಕೆಂದಿಲ್ಲ. ಅಳತೆಗೋಲು ಇಲ್ಲದಿದ್ದರೆ ಹಣವು ಕೇಳುವವರ ಕಡೆಗೆ ಹರಿಯುತ್ತದೆ, ಅಷ್ಟೆ.

ಅಮೆರಿಕದ ನ್ಯೂಯಾರ್ಕ್ ನಗರದ ಲೆಕ್ಕವನ್ನು ನೋಡಿ. ಅಲ್ಲಿ ಉದ್ಯಾನ ಮತ್ತು ಆಟದ ಮೈದಾನಗಳ ದೊಡ್ಡ ಕಾಮಗಾರಿಗಳಿಗೆ ಹಣವು ಮೇಯರ್, ನಗರಸಭಾ ಸದಸ್ಯರು ಮತ್ತು ನಗರದ ಐದು ವಿಭಾಗಗಳ ಅಧ್ಯಕ್ಷರು ಮಂಜೂರು ಮಾಡುವ ಅನುದಾನಗಳಿಂದ ಬರುತ್ತದೆ. ಇದಲ್ಲದೆ ಕೆಲವು ಉದ್ಯಾನಗಳಿಗೆ ಧನಿಕರ ದಾನವೂ ಉಂಟು. ನಗರದ ನಡುವಿನ ಪ್ರಸಿದ್ಧವಾದ ಸೆಂಟ್ರಲ್ ಪಾರ್ಕಿನ ಪಾಲನೆಗೆಂದು 1980ರಲ್ಲಿ ಸ್ಥಾಪಿತವಾದ ಖಾಸಗಿ ಸಂಸ್ಥೆಗೆ 2012ರಲ್ಲಿ ಒಬ್ಬ ಶ್ರೀಮಂತರು 10 ಕೋಟಿ ಡಾಲರುಗಳನ್ನು ದಾನವಾಗಿ ಘೋಷಿಸಿದರು. ಎರಡು ವರ್ಷಗಳ ನಂತರ, 2014ರಲ್ಲಿ, ನಗರಾಡಳಿತವು ಹಳೆಯ ಖರ್ಚಿನ ಪುಸ್ತಕಗಳನ್ನು ತೆರೆದು ನೋಡಿತು. ಹಿಂದಿನ ಸುಮಾರು 20 ವರ್ಷಗಳಲ್ಲಿ ತಲಾ 2 ಲಕ್ಷ 50 ಸಾವಿರ ಡಾಲರಿಗಿಂತ ಕಡಿಮೆ ಬಂಡವಾಳ ಕಂಡ ಉದ್ಯಾನಗಳು 215 ಇದ್ದುವು. ನೀವೇ ಗುಣಿಸಿ ನೋಡಿ. ಆ 215 ಉದ್ಯಾನಗಳಿಗೂ ಸೇರಿ 20 ವರ್ಷಗಳಲ್ಲಿ ಸಂದದ್ದು 5 ಕೋಟಿ 38 ಲಕ್ಷ ಡಾಲರಿಗಿಂತ ಕಡಿಮೆ. ಒಂದೇ ಉದ್ಯಾನಕ್ಕೆ ಒಬ್ಬರೇ ಕೊಟ್ಟ ದಾನವು ಇದರ ಸುಮಾರು ಎರಡರಷ್ಟು!

ದಾನ ಮಾಡಿದವರದು ತಪ್ಪೆಂದು ನಾನು ಹೇಳುವುದಿಲ್ಲ. ಪುಸ್ತಕ ತೆರೆಯುವ ತನಕ ಆ 215 ಬಯಲುಗಳ ಸ್ಥಿತಿ ಒಟ್ಟಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲವೆಂಬುದೇ ಇಲ್ಲಿ ಗಮನಿಸಬೇಕಾದ ಅಂಶ. ಅದೇ ವರ್ಷ ನಗರವು 13 ಕೋಟಿ ಡಾಲರುಗಳನ್ನು ತೆಗೆದಿಟ್ಟು, ಬಡತನ ಹೆಚ್ಚಾಗಿರುವ, ಜನಸಾಂದ್ರತೆಯುಳ್ಳ, ಇನ್ನೂ ಬೆಳೆಯುತ್ತಿರುವ ಪ್ರದೇಶಗಳಲ್ಲಿನ 35 ಉದ್ಯಾನಗಳನ್ನು ಮೊದಲ ಸುತ್ತಿಗೆ ಆರಿಸಿಕೊಂಡಿತು.

ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋದದ್ದು ಅದೇ ದೇಶದ ಮಿನಿಯಾಪೊಲಿಸ್ ನಗರ. ಸುಮಾರು ನಾಲ್ಕು ಲಕ್ಷ ಜನಸಂಖ್ಯೆಯ ಈ ಊರಿನಲ್ಲಿ ಉದ್ಯಾನಗಳನ್ನು ನೋಡಿಕೊಳ್ಳಲೆಂದೇ 1883ರಿಂದ ಪ್ರತ್ಯೇಕ ಮಂಡಳಿಯೊಂದಿದೆ. ಅದರ ಸದಸ್ಯರನ್ನು ಜನರೇ ಚುನಾಯಿಸುತ್ತಾರೆ. ಬಡಾವಣೆಗಳ ಉದ್ಯಾನಗಳು ಹಳತಾಗಿ, ಆಟದ ಸಲಕರಣೆಗಳು ತುಕ್ಕು ಹಿಡಿಯುತ್ತಿದ್ದ ಕಾಲದಲ್ಲಿ, 2016ರಲ್ಲಿ, ಮಂಡಳಿಯೂ ನಗರಸಭೆಯೂ ಕೂಡಿ 20 ವರ್ಷಗಳ ಕಾಲ ಪ್ರತಿ ವರ್ಷ ಸುಮಾರು 1 ಕೋಟಿ 10 ಲಕ್ಷ ಡಾಲರುಗಳನ್ನು ಈ ಉದ್ಯಾನಗಳಿಗೆ ಒದಗಿಸಲು ಒಪ್ಪಿಕೊಂಡುವು. ಹಣ ಸಿಕ್ಕಿದ ಕೂಡಲೆ ಎದ್ದ ಪ್ರಶ್ನೆ, ಯಾರಿಗೆ ಮೊದಲು ಎಂಬುದು. ಮಂಡಳಿಯು ಇದಕ್ಕೆ ಅಂಕಗಳ ಪದ್ಧತಿಯನ್ನು ಗೊತ್ತುಪಡಿಸಿ, ಅದನ್ನು ಕಟ್ಟಳೆಯಾಗಿಯೇ ಬರೆದಿಟ್ಟಿತು.

ಶಾಲೆಯ ಪರೀಕ್ಷೆಯಂತೆಯೇ ಪ್ರತಿಯೊಂದು ಉದ್ಯಾನಕ್ಕೂ ಅಲ್ಲಿ ಅಂಕ ಬೀಳುತ್ತದೆ. ವ್ಯತ್ಯಾಸವೇನೆಂದರೆ ಕಷ್ಟ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಸುತ್ತಲಿನ ಜನರನ್ನು ಕುರಿತ ಪ್ರಶ್ನೆಗಳು ಕೆಲವು: ಬಡತನವೆಷ್ಟು, ಜನಸಾಂದ್ರತೆಯೆಷ್ಟು, ಮಕ್ಕಳ ಮತ್ತು ಕಿರಿಯರ ಸಂಖ್ಯೆಯೆಷ್ಟು, ಬೀದಿಗಳಲ್ಲಿ ಜನರ ಮೇಲೆ ನಡೆಯುವ ಅಪರಾಧಗಳ ಪ್ರಮಾಣವೆಷ್ಟು. ಉದ್ಯಾನವನ್ನೇ ಕುರಿತವು ಮತ್ತೆ ಕೆಲವು: ಸಲಕರಣೆಗಳ ಸ್ಥಿತಿ ಹೇಗಿದೆ, ಅವುಗಳ ಬಾಳಿಕೆಯ ಕಾಲ ಮುಗಿದಿದೆಯೇ, ಅಲ್ಲಿರುವ ಆಸ್ತಿಯ ಬೆಲೆಗೆ ಹೋಲಿಸಿದರೆ ಹಿಂದಿನ ವರ್ಷಗಳಲ್ಲಿ ಎಷ್ಟು ಹಣ ಸಂದಿದೆ. ಎಲ್ಲ ಅಂಕಗಳನ್ನೂ ಕೂಡಿಸಿ ಸಾಲಾಗಿ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು.

ಬಡತನದ ಪ್ರಶ್ನೆಯಲ್ಲಿ ಜನಾಂಗದ ವಿಷಯವೂ ಸೇರಿದೆ. ಅದಕ್ಕೆ ಕಾರಣವುಂಟು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಆ ನಗರದ ಸಾವಿರಾರು ಮನೆಗಳ ಕ್ರಯಪತ್ರಗಳಲ್ಲಿ, ಈ ಸ್ವತ್ತನ್ನು ಕಪ್ಪು ಜನಾಂಗದವರಿಗೆ ಮಾರಕೂಡದೆಂಬ ಷರತ್ತನ್ನು ಬರೆಯಲಾಗುತ್ತಿತ್ತು. ಮನೆಯ ಮಾರಾಟದಲ್ಲಿ ಇಂತಹ ಭೇದವನ್ನು 1968ರ ಕಾನೂನು ಇಡೀ ದೇಶದಲ್ಲಿ ನಿಷೇಧಿಸಿತು. ಆದರೆ ಜನರು ಅಷ್ಟು ಹೊತ್ತಿಗೆ ಬೇರೆ ಬೇರೆ ಕಡೆ ನೆಲೆಸಿಯಾಗಿತ್ತು. ಕಾಗದದ ಮೇಲಿನ ಷರತ್ತು ಹೋದರೂ ನೆಲದ ಮೇಲಿನ ಗೆರೆ ಉಳಿಯಿತು. ಕೇರಿ ಕೇರಿಗಳಾಗಿ ಹಂಚಿಹೋಗಿರುವ ಊರುಗಳಲ್ಲಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಕಲ್ಪಿತ ಉದಾಹರಣೆಯಿಂದ ಈ ಪದ್ಧತಿಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಊರೊಂದರಲ್ಲಿ ಎರಡು ಬಯಲುಗಳಿವೆಯೆನ್ನಿ. ಮೇಲಿನ ಬೀದಿಯ ಬಯಲಿನ ಸುತ್ತ 30 ಮಕ್ಕಳಿದ್ದಾರೆ. ಐದು ವರ್ಷಗಳ ಹಿಂದೆ ಅಲ್ಲಿ ಉಯ್ಯಾಲೆ, ಜಾರುಬಂಡೆ ಹಾಕಿಸಿದ್ದಾರೆ. ಕೆಳಗಿನ ಕೇರಿಯ ಬಯಲಿನ ಸುತ್ತ 90 ಮಕ್ಕಳಿದ್ದಾರೆ. ಅಲ್ಲಿ ಕಲ್ಲುಮುಳ್ಳಲ್ಲದೆ ಬೇರೇನೂ ಇಲ್ಲ, ಒಂದು ರೂಪಾಯಿಯೂ ಖರ್ಚಾಗಿಲ್ಲ. ಮೇಲಿನ ಬೀದಿಯವರು ಬಣ್ಣ ಹೊಡೆಸಬೇಕೆಂದು ಹತ್ತು ಅರ್ಜಿ ಕೊಟ್ಟಿದ್ದಾರೆ, ಕೆಳಗಿನವರು ಒಂದನ್ನೂ ಕೊಟ್ಟಿಲ್ಲ. ಅರ್ಜಿಗಳನ್ನು ಎಣಿಸಿದರೆ ಮೇಲಿನ ಬೀದಿಗೆ ಹಣ. ಮಕ್ಕಳನ್ನು ಎಣಿಸಿದರೆ ಕೆಳಗಿನ ಕೇರಿಗೆ ಹಣ. ತೆರಿಗೆ ಕೊಡುವವರು ನಾವೂ ಅಲ್ಲವೇ ಎಂದು ಮೇಲಿನವರು ಕೇಳುವುದು ಸಹಜ. ಅವರ ಸರದಿಯೂ ಪಟ್ಟಿಯಲ್ಲಿದೆ, ಇವರ ನಂತರ ಬರುತ್ತದೆ ಎಂದು ಪಟ್ಟಿಯನ್ನೇ ತೋರಿಸಿ ಉತ್ತರ ಹೇಳಬಹುದು. ಪಟ್ಟಿಯಿಲ್ಲದಿದ್ದರೆ ಉತ್ತರವೂ ಇಲ್ಲ, ಜಗಳ ಮಾತ್ರ.

ಅಂಕಗಳಿಂದ ಎಲ್ಲವೂ ಸರಿಯಾಗುವುದೆಂದು ಭಾವಿಸಬಾರದು. ಯಾವುದನ್ನು ಎಣಿಸುವುದಿಲ್ಲವೋ ಅದು ಕಾಣದೆಯೇ ಉಳಿಯುತ್ತದೆ. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ 1990ರ ದಶಕದಲ್ಲಿ ಉದ್ಯಾನಗಳಿಗೆ ಬರುವ ಮಕ್ಕಳನ್ನು ಗಂಡು ಹೆಣ್ಣೆಂದು ಬೇರೆ ಬೇರೆಯಾಗಿ ಗಮನಿಸಿದರು. ಒಂಬತ್ತು ವರ್ಷ ದಾಟಿದ ಮೇಲೆ ಹುಡುಗಿಯರು ಬರುವುದು ಬಹಳ ಕಡಿಮೆಯಾಗುತ್ತಿತ್ತು, ಹುಡುಗರು ಮಾತ್ರ ಬರುತ್ತಲೇ ಇದ್ದರು. ದೊಡ್ಡದಾದ ಒಂದೇ ಬಯಲಿದ್ದರೆ ಅದು ಚೆಂಡಾಡುವ ಹುಡುಗರ ವಶವಾಗುತ್ತಿತ್ತು. 1999ರಲ್ಲಿ ಎರಡು ಉದ್ಯಾನಗಳನ್ನು ಬದಲಿಸಿ, ಕಾಲುದಾರಿ ಮಾಡಿ, ವಾಲಿಬಾಲ್ ಮತ್ತು ಬ್ಯಾಡ್ಮಿಂಟನ್ನಿಗೆ ಜಾಗ ಕೊಟ್ಟು, ಗಿಡಗಳನ್ನು ನೆಟ್ಟು ಬಯಲನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿದಾಗ ಹುಡುಗಿಯರು ಮತ್ತೆ ಬರತೊಡಗಿದರು. "ಮನೇಲೇ ಇರ್ತಾಳೆ" ಎಂಬ ಉತ್ತರವನ್ನು ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಹುಡುಗಿಗೆ ಆಡುವ ಮನಸ್ಸಿಲ್ಲವೆಂದು ತೀರ್ಮಾನಿಸುವ ಮೊದಲು, ಆಡಲು ಅವಳಿಗೆ ಜಾಗವಿದೆಯೇ ಎಂದು ನೋಡಬೇಕಲ್ಲವೇ?

ಬಯಲನ್ನು ಸರಿಪಡಿಸುವಾಗ ಹಣವು ಯಾವುದರ ಮೇಲೆ ಖರ್ಚಾಗುತ್ತದೆಂಬುದೂ ಮುಖ್ಯ. ಕೆಲವು ವರ್ಷಗಳ ಹಿಂದೆ, ಜಾರುಬಂಡೆಯಿಂದ ಬಿದ್ದು ಮುಂಗೈ ಮೂಳೆ ಮುರಿದುಕೊಂಡ ಏಳು ವರ್ಷದ ಹುಡುಗನನ್ನು ನಮ್ಮ ಕೇಂದ್ರಕ್ಕೆ ಎತ್ತಿಕೊಂಡು ಬಂದಿದ್ದರು. ಜಾರುಬಂಡೆ ಹೊಸದು, ಬಣ್ಣವೂ ಚೆಂದ. ಆದರೆ ಅದರ ಕೆಳಗೆ ಸಿಮೆಂಟ್ ಹಾಕಿಸಿದ್ದರು, ಕೆಸರಾಗದಿರಲೆಂದು! ಒಂಬತ್ತು ಅಂಗುಲ ದಪ್ಪನೆಯ ಸಡಿಲ ಮರಳಿದ್ದರೆ ನಾಲ್ಕು ಅಡಿ ಎತ್ತರದಿಂದ ಬಿದ್ದರೂ ತೀವ್ರ ಪೆಟ್ಟಿನಿಂದ ರಕ್ಷಣೆ ಸಿಗುತ್ತದೆಂದು ಅಮೆರಿಕದ ಗ್ರಾಹಕ ವಸ್ತು ಸುರಕ್ಷತಾ ಆಯೋಗದ ಕೈಪಿಡಿಯು ತಿಳಿಸುತ್ತದೆ. ಅದಕ್ಕಿಂತ ಎತ್ತರವಾದರೆ ಅಷ್ಟು ಮರಳು ಸಾಲದು. ಅಂದಾಜುಪಟ್ಟಿಯಲ್ಲಿ ಮರಳಿಗೆ ಹಣವಿದೆಯೇ ಎಂದು ಕೇಳುವುದಕ್ಕೆ ಇಂಜಿನಿಯರ್ ಆಗಬೇಕಾಗಿಲ್ಲ.

ಇನ್ನು ನಮ್ಮ ರಾಜ್ಯದ ಮಾತು. ಹಣಕ್ಕಿಂತ ಮೊದಲು ನೆಲ ಉಳಿಯಬೇಕು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾದಿರಿಸಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯದ ಮೊರೆಹೊಕ್ಕರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆ ಸಲ್ಲದೆಂದು ತೀರ್ಪಿತ್ತಿತು. ವೈದ್ಯನಾದ ನನಗೆ ಆಸ್ಪತ್ರೆಯ ಅಗತ್ಯ ತಿಳಿಯದೆ? ಆದರೂ ಆ ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಆದುದರಿಂದ ನಿಮ್ಮ ಊರಿನ ಬಯಲು ಪಂಚಾಯಿತಿಯ ದಾಖಲೆಯಲ್ಲಿ ಆಟದ ಬಯಲೆಂದು ನಮೂದಾಗಿದೆಯೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿ.

1993ರ ಪಂಚಾಯತ್ ರಾಜ್ ಕಾನೂನಿನ ಮೇರೆಗೆ ವಾರ್ಡು ಸಭೆಯು ತನ್ನ ವ್ಯಾಪ್ತಿಯ ಕೆಲಸಗಳನ್ನು ಸೂಚಿಸಿ, ಯಾವುದು ಮೊದಲೆಂದು ಆದ್ಯತೆ ಗೊತ್ತುಪಡಿಸಿ, ಗ್ರಾಮಸಭೆಗೆ ಕಳುಹಿಸಬಹುದು. ಮಿನಿಯಾಪೊಲಿಸ್ ನಗರದ ಮಂಡಳಿಯು ಮಾಡಿದ ಲೆಕ್ಕವನ್ನು ಇಲ್ಲಿಯೂ ಒಂದು ಹಾಳೆಯಲ್ಲಿ ಮಾಡಲು ಸಾಧ್ಯ. ವಾರ್ಡಿನಲ್ಲಿ ಹದಿನಾಲ್ಕು ವರ್ಷದೊಳಗಿನ ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು, ಹತ್ತಿರದ ಬಯಲು ಎಷ್ಟು ದೂರ, ನಡುವೆ ದೊಡ್ಡ ರಸ್ತೆ ದಾಟಬೇಕೇ, ಆ ಬಯಲಿಗೆ ಕೊನೆಯದಾಗಿ ಹಣ ಖರ್ಚಾದದ್ದು ಯಾವ ವರ್ಷ. ಮಕ್ಕಳ ಸಂಖ್ಯೆಯನ್ನು ಅಂಗನವಾಡಿ ಕಾರ್ಯಕರ್ತೆ ಮತ್ತು ಶಾಲೆಯ ಮುಖ್ಯೋಪಾಧ್ಯಾಯರ ನೆರವಿನಿಂದ ತಿಳಿಯಬಹುದು. ಖರ್ಚಿನ ವಿವರವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಂದ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಗಂಡ ಹೆಂಡತಿ ಇಬ್ಬರೂ ಸಭೆಗೆ ಹೋಗುವುದು ಒಳ್ಳೆಯದು. ಮನೆಯ ಹೆಣ್ಣುಮಗಳು ಏಕೆ ಹೊರಗೆ ಆಡುವುದಿಲ್ಲವೆಂಬುದನ್ನು ತಾಯಿಯಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಹೇಳಿದ ಮಾತು ನಡವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ನೋಡಿಕೊಂಡೇ ಎದ್ದು ಬನ್ನಿ.

ಮಕ್ಕಳ ಗ್ರಾಮಸಭೆಯೂ ನಮ್ಮ ರಾಜ್ಯದಲ್ಲಿ ರೂಢಿಯಲ್ಲಿದೆ. ನಿಮ್ಮ ಪಂಚಾಯಿತಿಯಲ್ಲಿ ಅದು ಯಾವಾಗ ಸೇರುತ್ತದೆಂದು ಶಾಲೆಯಲ್ಲಿ ವಿಚಾರಿಸಿ. ಆ ದಿನ ಮಗನ ಜೊತೆಗೆ ಮಗಳನ್ನೂ ಕಳುಹಿಸಿಕೊಡಿ.