ಉಸಿರು ಎಣಿಸುವವರು

ವೆಂಟಿಲೇಟರ್ ಹಾಕಿದ್ದಾರೆ ಎಂದರೆ ಮನೆಯವರಿಗೆ ಅರ್ಧ ಭಯ, ಅರ್ಧ ಧೈರ್ಯ. ಆ ಯಂತ್ರ ಎದೆಯೊಳಕ್ಕೆ ಗಾಳಿ ತಳ್ಳುತ್ತದೆ, ಅಷ್ಟೆ. ಗಂಟಲಲ್ಲಿ ಟ್ಯೂಬ್ ಇರುವ ರೋಗಿಗೆ ಸರಿಯಾಗಿ ಕೆಮ್ಮಿ ಕಫ ಹೊರಹಾಕಲಾಗದು, ಎಂಜಲು ನುಂಗಲಾಗದು, ಮಾತಾಡಲಂತೂ ಆಗದು. ಅವರು ಮಾಡಲಾಗದ್ದನ್ನೆಲ್ಲ ಅವರ ಪರವಾಗಿ ಮಾಡುವವರು ಐಸಿಯು ನರ್ಸ್‌ಗಳು.

ಕಫ ತೆಗೆಯುವುದನ್ನೇ ನೋಡಿ. ಗಡಿಯಾರ ನೋಡಿ ಮಾಡುವ ಕೆಲಸ ಇದಲ್ಲ. ಎದೆಯಲ್ಲಿ ಗೊರಗೊರ ಕೇಳಿಸಬೇಕು, ಇಲ್ಲವೇ ಪರದೆಯ ಮೇಲಿನ ಗೆರೆ ಗರಗಸದ ಹಲ್ಲಿನಂತೆ ಕಾಣಬೇಕು. ಮೊದಲು ನೂರಕ್ಕೆ ನೂರು ಆಮ್ಲಜನಕ ಕೊಟ್ಟು, ಆಮೇಲೆ ತೆಳ್ಳನೆಯ ಕೊಳವೆ ಇಳಿಸುತ್ತಾರೆ. ಇಳಿಸುವಾಗ ಸಕ್ಷನ್ ಇಲ್ಲ, ಹಿಂದೆಳೆಯುವಾಗ ಮಾತ್ರ. ಅದೂ 15 ಸೆಕೆಂಡ್ ಮೀರುವಂತಿಲ್ಲ, ಏಕೆಂದರೆ ಕಫದ ಜೊತೆ ಗಾಳಿಯೂ ಹೊರಬರುತ್ತದೆ, ನಾಡಿಬಡಿತ ಇಳಿದುಬಿಡಬಹುದು. ಕಣ್ಣು ಮಾನಿಟರ್ ಮೇಲೆ, ಬಾಯಲ್ಲಿ “ಆಯ್ತು ತಾತ, ಇನ್ನೊಂಚೂರು”. ಬಂದ ಕಫ ಹಳದಿಯೇ, ಅಂಟೇ, ರಕ್ತವಿದೆಯೇ ಎಂಬುದು ಚಾರ್ಟಿಗೆ ಹೋಗುತ್ತದೆ. ಹಾಸಿಗೆಯ ತಲೆಭಾಗ 30 ಡಿಗ್ರಿಗಿಂತ ಕೆಳಗಿಳಿಯದಂತೆ ಕಾಯುವುದು, ಬಾಯಿ ಶುಚಿಮಾಡುವುದು, ಮಗ್ಗುಲು ಬದಲಿಸುವುದು ಇವೆಲ್ಲ ಶ್ವಾಸಕೋಶಕ್ಕೆ ಹೊಸ ಸೋಂಕು ಇಳಿಯದಿರಲೆಂದು.

ಯಂತ್ರವಿಲ್ಲದ ವಾರ್ಡಿನಲ್ಲೂ ಕಷ್ಟ ಕಡಿಮೆಯೇನಲ್ಲ. ಬೀಡಿಯಿಂದಲೋ ಸೌದೆ ಒಲೆಯ ಹೊಗೆಯಿಂದಲೋ ಶ್ವಾಸಕೋಶ ಸವೆದ ಸಿಒಪಿಡಿ ರೋಗಿಗೆ ಉಬ್ಬಸ ಹೆಚ್ಚಾದಾಗ, ಪಕ್ಕದಲ್ಲಿ ಕೂತ ಮಗ ಆಮ್ಲಜನಕ ಜಾಸ್ತಿ ಮಾಡಿಬಿಡುತ್ತಾನೆ. ಪ್ರೀತಿಯಿಂದಲೇ. ಆದರೆ ಇಂಥವರಲ್ಲಿ ಹಲವರಿಗೆ ರಕ್ತದ ಆಮ್ಲಜನಕ ಶೇ 88ರಿಂದ 92ರಷ್ಟಿದ್ದರೆ ಸಾಕು. ಅದಕ್ಕಿಂತ ಏರಿಸಿದರೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಮಂಪರು ಕವಿಯುತ್ತದೆ. “ಅಪ್ಪ ಈಗ ಹಾಯಾಗಿ ನಿದ್ದೆ ಮಾಡ್ತಿದಾರೆ” ಎಂದು ಮನೆಯವರು ನೆಮ್ಮದಿಪಡುವ ಹೊತ್ತಿಗೆ ಸಿಸ್ಟರ್ ಓಡಿ ಬರುತ್ತಾರೆ.

ಹೀಗೆ ಉಸಿರು ಕಾಯುವ ಕೆಲಸಕ್ಕೊಂದು ಇತಿಹಾಸವಿದೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿ, ಉಸಿರಾಟದ ಸ್ನಾಯುಗಳೇ ಸೋತವರು ಆಸ್ಪತ್ರೆ ತುಂಬಿದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಗಂಟಲಿಗೆ ರಂಧ್ರ ಮಾಡಿ, ರಬ್ಬರ್ ಚೀಲ ಒತ್ತಿ ಗಾಳಿ ಕೊಡಿಸಿದರು. ಸುಮಾರು 1,500 ವೈದ್ಯವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಚೀಲ ಒತ್ತಿದರು. ರೋಗಿಗಳ ಆರೈಕೆಗೆ ನರ್ಸ್‌ಗಳು ನಿಂತರು. ಇಂದಿನ ಐಸಿಯು ಬೆಳೆದದ್ದು ಅಲ್ಲಿಂದಲೇ.

ಕೋವಿಡ್ ಕಾಲದಲ್ಲಿ ನಾವು ಎಣಿಸಿದ್ದು ವೆಂಟಿಲೇಟರ್‌ಗಳನ್ನು, ಅವುಗಳ ಪಕ್ಕ ನಿಲ್ಲುವವರನ್ನಲ್ಲ. ಟ್ಯೂಬು, ಲೈನುಗಳು ಕಳಚದಂತೆ ಒಬ್ಬ ರೋಗಿಯನ್ನು ಬೋರಲು ಮಲಗಿಸಲು ನಾಲ್ಕೈದು ಜನ ಬೇಕು, ಹಾಗೆ ಮಲಗಿಸಿದ ಮೇಲೆ 16 ಗಂಟೆ ಕಾಯಬೇಕು. ವೆಂಟಿಲೇಟರ್ ಇರುವ ಒಂದು ಹಾಸಿಗೆಗೆ ಒಬ್ಬ ನರ್ಸ್ ಇರಲೇಬೇಕು ಎಂಬ ಮಾತು ಬಜೆಟ್ಟಿನ ಚರ್ಚೆಯಲ್ಲಿ ಕೇಳಿಸುವುದೇ ಅಪರೂಪ. ಹೊಸ ಯಂತ್ರದ ಉದ್ಘಾಟನೆಗೆ ಬರುವವರು ಪಾಳಿಯ ಪಟ್ಟಿಯನ್ನೂ ಒಮ್ಮೆ ಕೇಳಿ ನೋಡಬೇಕು.

ಯಂತ್ರ ಬಿಡಿಸುವ ದಿನ ಪರೀಕ್ಷೆಯ ದಿನ. ಅರ್ಧ ಗಂಟೆಯಿಂದ ಎರಡು ಗಂಟೆ ರೋಗಿ ಹೆಚ್ಚುಕಡಿಮೆ ತಾನೇ ಉಸಿರಾಡಬೇಕು. ನರ್ಸ್ ಪಕ್ಕದಲ್ಲೇ ನಿಂತು ಎಣಿಸುತ್ತಾರೆ: ನಿಮಿಷಕ್ಕೆ 35 ದಾಟಿತೇ, ಹಣೆ ಬೆವರಿತೇ, ಕುತ್ತಿಗೆಯ ಸ್ನಾಯು ಸೆಳೆಯುತ್ತಿದೆಯೇ? ಗೆದ್ದರೆ ಟ್ಯೂಬ್ ಹೊರಬರುತ್ತದೆ. ಒಡೆದ ದನಿಯಲ್ಲಿ ರೋಗಿ ಮೊದಲು ಕೇಳುವುದು ಸಾಮಾನ್ಯವಾಗಿ ನೀರನ್ನು. ನುಂಗುವುದು ಸರಿಯಾಗಿದೆ ಎಂದು ಖಾತರಿಯಾಗುವವರೆಗೆ ಸಿಸ್ಟರ್ ಕೊಡುವುದಿಲ್ಲ.